ಯೌವನಸ್ಥರು ಸಭೆ ಬಿಡುವುದು ಹದಿನೆಂಟರಲ್ಲೋ, ಹದಿಮೂರರಲ್ಲೋ?

ದ್ರಾಕ್ಷಾಬಳ್ಳಿ:
ಮಕ್ಕಳು ಕಾಲೇಜಿಗೆ ಹೋದ ಮೇಲೆ ಸಭೆ, ಅಂದರೆ ಚರ್ಚು, ಬಿಟ್ಟರು ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ. ಕಾಲೇಜು ಕೆಡಿಸಿತು, ಮೊಬೈಲು ಕೆಡಿಸಿತು, ಸಹವಾಸ ಕೆಡಿಸಿತು. ನಾನು ಇದನ್ನು ಒಪ್ಪುವುದಿಲ್ಲ. ಹದಿನೆಂಟಕ್ಕೆ ಹೊರಗೆ ಹೋಗುವುದು ಕಾಲು ಮಾತ್ರ. ಮನಸ್ಸು ಅದಕ್ಕೂ ನಾಲ್ಕೈದು ವರ್ಷ ಮೊದಲೇ ಎದ್ದು ಹೋಗಿರುತ್ತದೆ. ಅಮೆರಿಕದ ಕಾರಾ ಸಂಶೋಧನಾ ಕೇಂದ್ರ ಮತ್ತು ಸೇಂಟ್ ಮೇರೀಸ್ ಪ್ರೆಸ್ ಸೇರಿ, ಕಥೋಲಿಕ ಸಭೆ ಬಿಟ್ಟ 15ರಿಂದ 25 ವರ್ಷದವರನ್ನು ವಿಚಾರಿಸಿದವು. ಬಿಟ್ಟ ವಯಸ್ಸಿನ ಮಧ್ಯಾಂಕ, ಅಂದರೆ ಎಲ್ಲರ ವಯಸ್ಸನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಅಂಕಿ, 13. ಹದಿಮೂರರ ಮಗುವಿಗೆ ಹಾಸ್ಟೆಲ್ ಇಲ್ಲ, ಪ್ರೊಫೆಸರ್ ಇಲ್ಲ. ಅದು ಇನ್ನೂ ಅಪ್ಪ ಅಮ್ಮನ ಜತೆಯಲ್ಲೇ ಸಭೆಗೆ ಬರುತ್ತಿರುತ್ತದೆ.

ನನ್ನ ಪ್ರಕಾರ ದೊಡ್ಡ ತಪ್ಪು ವೇಳಾಪಟ್ಟಿಯಲ್ಲಿದೆ. ಆರಾಧನೆ ನಡೆಯುವ ಹೊತ್ತಿಗೇ ಸಂಡೇ ಸ್ಕೂಲ್ ಇಟ್ಟುಕೊಂಡ ಸಭೆಗಳನ್ನು ನೋಡಿ. ಐದನೇ ವಯಸ್ಸಿನಿಂದ ಹದಿನೈದರ ತನಕ ಮಗು ಪಕ್ಕದ ಕೋಣೆಯಲ್ಲಿರುತ್ತದೆ: ಚಿತ್ರಕ್ಕೆ ಬಣ್ಣ, ಅಭಿನಯ ಗೀತೆ, ಬಾಯಿಪಾಠದ ವಚನ. ವರ್ಷಕ್ಕೆ 52ರಂತೆ ಹತ್ತು ವರ್ಷಕ್ಕೆ 520 ಭಾನುವಾರ. ಆಮೇಲೆ ಒಂದು ದಿನ "ನೀನೀಗ ದೊಡ್ಡವನು" ಎಂದು ದೊಡ್ಡವರ ನಡುವೆ ಕೂರಿಸುತ್ತಾರೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು, ಹಾಡಿನ ಪುಸ್ತಕದಲ್ಲಿ ಸಂಖ್ಯೆ ಹುಡುಕುವುದು ಹೇಗೆ, ಕರ್ತನ ಭೋಜನದ ಬಟ್ಟಲು ಕೈಗೆ ಬಂದಾಗ ಕುಡಿದುಬಿಡಬೇಕೋ ಹಿಡಿದು ಕಾಯಬೇಕೋ, ಒಂದೂ ಗೊತ್ತಿಲ್ಲ. ಅಕ್ಕಪಕ್ಕದವರ ಹೆಸರು ಗೊತ್ತಿಲ್ಲ. ಅವನು ಸಭೆ ಬಿಟ್ಟ ಎಂದು ನಾವು ಅಳುತ್ತೇವೆ. ಆ ಸಭೆಗೆ ಅವನು ಸೇರಿಯೇ ಇರಲಿಲ್ಲ.

ಮನೆಯಲ್ಲಿ ಅಪ್ಪ ಸತ್ಯವೇದ ತೆರೆಯದಿದ್ದರೆ ಟೀಚರು ವಾರಕ್ಕೊಂದು ಗಂಟೆಯಲ್ಲಿ ಹೆಚ್ಚೇನೂ ಮಾಡಲಾಗದು, ಅದೂ ನಿಜ. ಆದರೆ ಸಭೆಯ ಕೈಯಲ್ಲಿರುವುದನ್ನು ಮಾತ್ರ ಇಲ್ಲಿ ಮಾತಾಡೋಣ ಎಂದು ಕೇಳಿಕೊಳ್ಳುತ್ತೇನೆ.

ಬೆರೋಯದವನು:
"ಮಧ್ಯಾಂಕ 13" ಎಂದಿರಿ. ಮಧ್ಯಾಂಕ ಎಂದರೆ ಸುಮಾರು ಅರ್ಧ ಜನ ಅದಕ್ಕಿಂತ ತಡವಾಗಿ ಬಿಟ್ಟಿದ್ದಾರೆ ಎಂದೂ ಅರ್ಥ. ಇನ್ನೊಂದು, ವಿಚಾರಿಸಿದ್ದು 25 ವರ್ಷದ ಒಳಗಿನವರನ್ನು. 16 ವರ್ಷದ ಹುಡುಗನನ್ನು ಕೇಳಿದರೆ ಅವನು 20ಕ್ಕೆ ಬಿಟ್ಟೆ ಎಂದು ಹೇಳಲಾರ. 28ಕ್ಕೆ ಬಿಡುವವರು ಲೆಕ್ಕಕ್ಕೇ ಬಂದಿಲ್ಲ. ಹಾಗಾಗಿ ಆ ಅಂಕಿ ತಾನಾಗಿಯೇ ಕೆಳಕ್ಕೆ ಜಗ್ಗುತ್ತದೆ. ಅದರ ಮೇಲೆ ಇಡೀ ವಾದ ಕಟ್ಟಬೇಡಿ.

ಅಮೆರಿಕದ ಕ್ರೈಸ್ತ ಸಮೀಕ್ಷಾ ಸಂಸ್ಥೆ ಲೈಫ್‌ವೇ ರಿಸರ್ಚ್ 2017ರಲ್ಲಿ ನಡೆಸಿದ ಸಮೀಕ್ಷೆ ನೋಡಿ. ಹೈಸ್ಕೂಲು ದಿನಗಳಲ್ಲಿ ಕನಿಷ್ಠ ಒಂದು ವರ್ಷ ಕ್ರಮವಾಗಿ ಪ್ರೊಟೆಸ್ಟಂಟ್ ಸಭೆಗೆ ಬರುತ್ತಿದ್ದವರಲ್ಲಿ 66% ಜನ 18ರಿಂದ 22ರ ನಡುವೆ ಕನಿಷ್ಠ ಒಂದು ವರ್ಷ ಬಿಟ್ಟಿದ್ದರು. ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಕಾಲೇಜಿಗಾಗಿ ಊರು ಬಿಟ್ಟದ್ದು, 34%. ನೀವು ಒಪ್ಪುವುದಿಲ್ಲ ಎಂದ ಕಾರಣವೇ ಪಟ್ಟಿಯ ತಲೆಯಲ್ಲಿದೆ.

ದ್ರಾಕ್ಷಾಬಳ್ಳಿ:
ಪಟ್ಟಿಯ ತಲೆ ಹೇಳಿ ಕುತ್ತಿಗೆ ಬಿಟ್ಟಿರಿ. ಅದೇ ಸಮೀಕ್ಷೆಯಲ್ಲಿ ಎರಡನೆಯದು, ಸಭೆಯವರು ತೀರ್ಪು ಮಾಡುವವರಂತೆ, ಕಪಟಿಗಳಂತೆ ಕಂಡರು ಎಂಬುದು: 32%. ಮೂರನೆಯದು, ಸಭೆಯ ಜನರ ಜತೆ ನಂಟೇ ಇರಲಿಲ್ಲ: 29%. ಊರು ಬಿಟ್ಟವರೆಲ್ಲ ಸಭೆ ಬಿಡುವುದಿಲ್ಲ. ನಂಟಿದ್ದವನು ಹೋದ ಊರಲ್ಲೂ ಹುಡುಕುತ್ತಾನೆ.

ಯೆರೆಮೀಯ_17:
"ಮೊಬೈಲು ಕೆಡಿಸಿತು ಎಂಬುದನ್ನು ಒಪ್ಪುವುದಿಲ್ಲ" ಎಂಬ ಮಾತನ್ನು ಅಷ್ಟು ಸುಲಭವಾಗಿ ಬಿಡಲಾಗದು. ವಾರಕ್ಕೆ 168 ಗಂಟೆ. ಆರಾಧನೆ ಒಂದೂವರೆ ಗಂಟೆ. ದಿನಕ್ಕೆ ಮೂರೇ ಗಂಟೆ ಸ್ಕ್ರೀನ್ ನೋಡುವ ಮಗು ಎಂದುಕೊಂಡರೂ ವಾರಕ್ಕೆ 21 ಗಂಟೆ. ಯಾರು ಯಾರ ಗುರು? ಆ 21 ಗಂಟೆ ದೇವರಿಲ್ಲ ಎಂದು ಕಲಿಸುವುದಿಲ್ಲ, ಅದಕ್ಕಿಂತ ಆಳವಾದದ್ದನ್ನು ಕಲಿಸುತ್ತದೆ: ಬೇಸರವಾದರೆ ಬೆರಳಿನಿಂದ ಸರಿಸು, ನಿನ್ನ ಮನಸ್ಸಿಗೆ ಹಿತವಾದದ್ದೇ ನಿನಗೆ ಸತ್ಯ. ಹೀಗೆ ತರಬೇತಾದ ಮನಸ್ಸಿಗೆ 40 ನಿಮಿಷದ ಪ್ರಸಂಗ ಕೂತು ಕೇಳುವುದು ಶರೀರಕ್ಕೇ ಕಷ್ಟ.

2005ರಲ್ಲಿ ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಡೆಂಟನ್ ಅಮೆರಿಕದ ಹದಿಹರೆಯದವರ ದೊಡ್ಡ ಅಧ್ಯಯನದ ಫಲ ಪ್ರಕಟಿಸಿದರು. ಸಭೆಯಲ್ಲೇ ಬೆಳೆಯುತ್ತಿದ್ದ ಮಕ್ಕಳೂ ನಂಬುತ್ತಿದ್ದದ್ದು ಇಷ್ಟೇ: ದೇವರೊಬ್ಬನಿದ್ದಾನೆ, ಒಳ್ಳೆಯವರಾಗಿರಬೇಕು, ಬದುಕಿನ ಗುರಿ ಸಂತೋಷ, ಕಷ್ಟ ಬಂದಾಗ ದೇವರನ್ನು ಕರೆದರೆ ಸಾಕು, ಒಳ್ಳೆಯವರು ಸ್ವರ್ಗಕ್ಕೆ ಹೋಗುತ್ತಾರೆ. ಶಿಲುಬೆ ಎಲ್ಲಿದೆ ಇದರಲ್ಲಿ? ಪಾಪಕ್ಷಮೆ ಎಲ್ಲಿದೆ? ಇದು ಸುತ್ತಲಿನ ಸಂಸ್ಕೃತಿ ಕೊಟ್ಟ ಧರ್ಮ, ನಾವು ಕೊಟ್ಟದ್ದಲ್ಲ.

ಇದನ್ನು ತಡೆಯುವ ಶಕ್ತಿ ಒಬ್ಬರಿಗಿದೆ, ಅಪ್ಪನಿಗೆ. ಸ್ವಿಟ್ಜರ್ಲೆಂಡಿನ 1994ರ ಸಮೀಕ್ಷೆಯ ಪ್ರಕಾರ ಅಪ್ಪ ಸಭೆಗೆ ಬಾರದೆ ಅಮ್ಮ ಮಾತ್ರ ಕ್ರಮವಾಗಿ ಬರುವ ಮನೆಯಲ್ಲಿ ಮಕ್ಕಳು ಕ್ರಮವಾಗಿ ಬರುವವರಾಗುವುದು 2% ಮಾತ್ರ. ಇಬ್ಬರೂ ಬಂದರೆ 33%. ಆದ್ದರಿಂದ ಸಂಡೇ ಸ್ಕೂಲ್ ವೇಳಾಪಟ್ಟಿ ತಿದ್ದುವುದಕ್ಕಿಂತ ಅಪ್ಪಂದಿರನ್ನು ಎಬ್ಬಿಸಿ.

ಲೋವಿಯ_ಮೊಮ್ಮಗಳು:
"2% ಮಾತ್ರ." ಈ ಎರಡು ಪದ ಬರೆಯುವಾಗ ಯಾರು ಓದುತ್ತಾರೆ ಎಂದು ಯೋಚಿಸಿದ್ದೀರಾ ಬ್ರದರ್? ಗಂಡ ತೀರಿಹೋದವರು, ಗಂಡ ಬಿಟ್ಟವರು, ನಂಬದ ಗಂಡನ ಜತೆ ಬಾಳುವವರು ಮಕ್ಕಳ ಕೈ ಹಿಡಿದು ಒಬ್ಬರೇ ಬರುತ್ತಾರೆ. ನಿಮ್ಮ ಪ್ರಯತ್ನ ನೂರಕ್ಕೆ ತೊಂಬತ್ತೆಂಟು ವ್ಯರ್ಥ ಎಂದು ಅವರಿಗೆ ಹೇಳಿದಿರಿ.

ಪೌಲನ ಜತೆಗಾರ ತಿಮೊಥೆಯನ ಅಪ್ಪ ಗ್ರೀಕನು, ಅಪೊಸ್ತಲರ ಕೃತ್ಯಗಳು 16:1. ಅವನ ನಂಬಿಕೆ ಬಂದದ್ದು ಅಜ್ಜಿ ಲೋವಿಯಿಂದ, ಅಮ್ಮ ಯೂನಿಕೆಯಿಂದ ಎಂದು ಪೌಲನೇ ಬರೆದಿದ್ದಾನೆ. ಮುಂದೆ ಸಭೆಯ ದೊಡ್ಡ ಬೋಧಕನಾದ ಅಗಸ್ಟೀನನ ಅಪ್ಪ ಪತ್ರಿಕಿಯಸ್ ಬಾಳಿನ ಬಹುಭಾಗ ಅನ್ಯಮತದಲ್ಲಿದ್ದವನು. ಮಗ ಸಭೆಯಿಂದ ದೂರವಾಗಿ ಸುಮಾರು ಒಂಬತ್ತು ವರ್ಷ ಮಾನಿ ಪಂಥದ ಹಿಂದೆ ತಿರುಗಿದ. 387ರ ಪಾಸ್ಕದಲ್ಲಿ ಮಿಲಾನಿನಲ್ಲಿ ಅಲ್ಲಿನ ಬಿಷಪ್ ಅಂಬ್ರೋಸನ ಕೈಯಿಂದ ದೀಕ್ಷಾಸ್ನಾನ ಪಡೆದ. ಅಷ್ಟೂ ವರ್ಷ ಪ್ರಾರ್ಥಿಸಿದವಳು ಮೋನಿಕ. ಯುವಕರು ದೂರ ಹೋಗಿ ತಿರುಗಿ ಬರುವ ಕಥೆಗೆ ಸಭೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಯಾವುದಿದೆ? ಅದರ ನಡುವೆ ನಿಂತವಳು ಅಮ್ಮ.

ಯೆರೆಮೀಯ_17:
ಉದಾಹರಣೆ ಬೇರೆ, ಸರಾಸರಿ ಬೇರೆ. ಅಮ್ಮಂದಿರನ್ನು ನಾನು ಹಳಿಯಲಿಲ್ಲ. ಅಪ್ಪಂದಿರ ಸೋಮಾರಿತನವನ್ನು ಹಳಿದೆ. ಎಫೆಸ 6:4 ತಂದೆಗಳನ್ನು ಕರೆದು ಹೇಳುತ್ತದೆ. ಅದನ್ನು ಬದಲಾಯಿಸಲು ನನಗೆ ಅಧಿಕಾರವಿಲ್ಲ.

ಬೆರೋಯದವನು:
ಸ್ವಿಸ್ ಅಂಕಿಯನ್ನು ಪೂರ್ತಿ ಹೇಳಿ. ಆ ವರದಿಯನ್ನು ವರ್ನರ್ ಹೌಗ್, ಫಿಲಿಪ್ ವಾರ್ನರ್ ಸಿದ್ಧಪಡಿಸಿದರು, ಕೌನ್ಸಿಲ್ ಆಫ್ ಯೂರೋಪ್ 2000ದಲ್ಲಿ ಪ್ರಕಟಿಸಿತು. ಅಮ್ಮ ಮಾತ್ರ ಬರುವ ಮನೆಗಳಲ್ಲಿ ಕ್ರಮವಾಗಿ ಬರುವ ಮಕ್ಕಳು 2%, ಸರಿ. ಆಗಾಗ ಬರುವವರು ಇನ್ನೂ 37%. ಅದನ್ನು ಬಿಟ್ಟಿರಿ. ಅದೇ ಕೋಷ್ಟಕದಲ್ಲಿ ಅಪ್ಪ ಕ್ರಮವಾಗಿ ಬಂದು ಅಮ್ಮ ಬಾರದ ಮನೆಯಲ್ಲಿ 44%. ಅಂದರೆ ಇಬ್ಬರೂ ಬರುವ ಮನೆಗಿಂತ ಅಮ್ಮ ಬಾರದ ಮನೆಯೇ ಮೇಲು! ಇದನ್ನು ನಂಬಿ ಅಮ್ಮಂದಿರನ್ನು ಮನೆಯಲ್ಲಿರಿ ಎನ್ನುತ್ತೀರಾ? ಅಪ್ಪ ಮಾತ್ರ ಬರುವ ಮನೆಗಳು ಎಷ್ಟಿರುತ್ತವೆ ಎಂದು ಯಾವುದೇ ಸಭೆಯಲ್ಲಿ ಎಣಿಸಿ ನೋಡಿ. ಕಡಿಮೆ ಜನರಿರುವ ಮನೆಯ ಶೇಕಡಾವಾರು ಒಬ್ಬಿಬ್ಬರಿಂದಲೇ ಮೇಲೆ ಕೆಳಗೆ ಹಾರುತ್ತದೆ. ಒಂದು ದೇಶ, ಒಂದು ತಲೆಮಾರು. ಲೋಕದ ಎಲ್ಲ ಸಭೆಗೆ ಅದನ್ನು ಹೊದಿಸಬೇಡಿ.

ಯೆರೆಮೀಯ_17:
ಸ್ವಿಸ್ ಬೇಡವಾದರೆ ಬೆಂಗ್ಟ್‌ಸನ್ ತೆಗೆದುಕೊಳ್ಳಿ. ವರ್ನ್ ಬೆಂಗ್ಟ್‌ಸನ್ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಶುರು ಮಾಡಿ ಸುಮಾರು 350 ಕುಟುಂಬಗಳನ್ನು ಹಲವು ತಲೆಮಾರು, ಮೂವತ್ತೈದು ವರ್ಷ ಹಿಂಬಾಲಿಸಿದರು. ಇದು ಒಂದು ದಿನದ ಸಮೀಕ್ಷೆಯಲ್ಲ. ಅಲ್ಲಿಯೂ ನಂಬಿಕೆ ದಾಟುವುದರಲ್ಲಿ ಅಪ್ಪನ ಪಾತ್ರ ಎದ್ದು ಕಂಡಿತು. ಇದಕ್ಕೇನು ಹೇಳುತ್ತೀರಿ?

ಲೋವಿಯ_ಮೊಮ್ಮಗಳು:
ಬೆಂಗ್ಟ್‌ಸನ್ ಕಂಡದ್ದು ಅಪ್ಪ ಬೆಂಚಿನ ಮೇಲೆ ಕೂರುವುದನ್ನಲ್ಲ, ಅಪ್ಪನ ಜತೆಗಿನ ಆತ್ಮೀಯತೆಯನ್ನು. ತಪ್ಪದೆ ಪ್ರಾರ್ಥಿಸಿಯೂ ಮನೆಯಲ್ಲಿ ಗದರುವ, ಮಾತಾಡಿಸದ ಅಪ್ಪನಿಂದ ಮಗ ದೂರ ಓಡುತ್ತಾನೆ. ಓಡುವಾಗ ಅಪ್ಪನ ದೇವರನ್ನೂ ಬಿಟ್ಟೇ ಓಡುತ್ತಾನೆ. ಅದೇ ಅಧ್ಯಯನ ಅಜ್ಜ ಅಜ್ಜಿಯರ ಪ್ರಭಾವವನ್ನೂ ತೋರಿಸಿದೆ. ನೀವು ನಿಮಗೆ ಬೇಕಾದ ಅರ್ಧ ಮಾತ್ರ ಹರಿದುಕೊಳ್ಳುತ್ತೀರಿ. ಎಫೆಸ 6:4 ಅನ್ನೂ ಹಾಗೇ ಮಾಡಿದಿರಿ. ಆ ವಚನ ತಂದೆಗಳಿಗೆ ಮೊದಲು ಹೇಳುವುದು, ಮಕ್ಕಳಿಗೆ ಕೋಪವೆಬ್ಬಿಸಬೇಡಿ ಎಂದು. ಶಿಕ್ಷಣದ ಮಾತು ಆಮೇಲೆ ಬರುತ್ತದೆ.

ಲಿಯೋ_ಧರ್ಮೋಪದೇಶಕ:
ಎಲ್ಲರಿಗೂ ನಮಸ್ಕಾರ. ಮೊದಲ ಪ್ರಶ್ನೆಗೆ ಮರಳಲು ಅವಕಾಶ ಕೊಡಿ. ಹದಿಮೂರರ ಆಸುಪಾಸಿನಲ್ಲಿ ಮಕ್ಕಳು ಕಾಣೆಯಾಗುವುದಕ್ಕೆ ಕಥೋಲಿಕರಲ್ಲಿ ಒಂದು ಸ್ಪಷ್ಟ ಕಾರಣವಿದೆ. ಹಳೆಯ ಕ್ರಮದಲ್ಲಿ ಜ್ಞಾನಸ್ನಾನ, ಆಮೇಲೆ ದೃಢೀಕರಣ (ಪವಿತ್ರಾತ್ಮನ ಅಭಿಷೇಕದಿಂದ ನಂಬಿಕೆಯನ್ನು ಗಟ್ಟಿಗೊಳಿಸುವ ಸಂಸ್ಕಾರ), ಕೊನೆಗೆ ಪರಮಪ್ರಸಾದ (ಕರ್ತನ ಭೋಜನ). 1910ರಲ್ಲಿ ಜಗದ್ಗುರು (ಪೋಪ್) 10ನೇ ಪಯಸ್ ಅವರು ಮೊದಲ ಪರಮಪ್ರಸಾದದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ಅದು ಒಳ್ಳೆಯದೇ. ಆದರೆ ದೃಢೀಕರಣವನ್ನು ಯಾರೂ ಇಳಿಸಲಿಲ್ಲ, ಹಾಗಾಗಿ ಬಹಳ ಕಡೆ ಅದು ಕೊನೆಗೆ ಹೋಗಿ ಕೂತಿತು. ಕಥೋಲಿಕ ಸಭೆಯ ಕಾನೂನು ಸಂಹಿತೆಯ 891ನೇ ವಿಧಿ ವಿವೇಚನೆಯ ವಯಸ್ಸು ಎನ್ನುತ್ತದೆ, ಬೇರೆ ವಯಸ್ಸು ಗೊತ್ತುಮಾಡಲು ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿಗೆ ಅವಕಾಶ ಕೊಡುತ್ತದೆ. ಫಲವೇನು? ಎರಡು ವರ್ಷ ತರಗತಿ, ಹಾಜರಿ ಪುಸ್ತಕ, ಪ್ರಶ್ನೋತ್ತರದ ಪರೀಕ್ಷೆ, ಬಿಳಿ ಬಟ್ಟೆ, ಫೋಟೋ. ಮಗುವಿಗೆ ಇದು ಶಾಲೆಯ ಕೊನೆಯ ಪರೀಕ್ಷೆಯಂತೆ ಕಾಣುತ್ತದೆ. ಮುಗಿಸಿದವರು ಶಾಲೆಗೆ ಮತ್ತೆ ಹೋಗುತ್ತಾರೆಯೇ? ಮರುವಾರವೇ ಬೆಂಚು ಖಾಲಿ.

ತಡೆಯಬೇಕಾದರೆ ತಯಾರಿಯ ಮೊದಲ ತಿಂಗಳಲ್ಲೇ ಪ್ರತಿ ಮಗುವಿಗೆ ದೃಢೀಕರಣದ ನಂತರವೂ ಮುಂದುವರಿಯುವ ಒಂದು ಸೇವೆ ಕೊಡಬೇಕು: ವಾಚನ, ಗಾಯನ, ಪೀಠ ಸೇವೆ, ಧ್ವನಿ ಯಂತ್ರ, ರೋಗಿಗಳ ಭೇಟಿ. ದೃಢೀಕರಣ ಆದ ಮೇಲೆ ಹಂಚಲು ಹೋದರೆ ಹಂಚಿಕೊಳ್ಳುವವರೇ ಇರುವುದಿಲ್ಲ. ದೃಢೀಕರಣದ ಸಾಕ್ಷಿಪೋಷಕರನ್ನು ಊರಿನಿಂದ ಬಂದು ಹೋಗುವ ನೆಂಟರಲ್ಲಿ ಆರಿಸದೆ ಅದೇ ಧರ್ಮಕೇಂದ್ರದಲ್ಲಿ ಆರಿಸಿ, ವಾರ ವಾರ ಕಣ್ಣಿಗೆ ಬೀಳುವವರಾಗಿರಲಿ.

ಬೆರೋಯದವನು:
ಆರ್ಥೊಡಾಕ್ಸ್ ಸಭೆಗಳು ಕೂಸಿಗೇ ಸ್ನಾನ, ಅಭಿಷೇಕ, ಪ್ರಸಾದ ಮೂರನ್ನೂ ಒಂದೇ ದಿನ ಕೊಡುತ್ತವೆ. ಕ್ರಮ ಸರಿಯಾಗಿಯೇ ಇದೆ. ಅವರ ಯುವಕರೂ ದೂರ ಹೋಗುತ್ತಾರಲ್ಲ, ಲಿಯೋ ಅವರೇ?

ಲಿಯೋ_ಧರ್ಮೋಪದೇಶಕ:
ಕ್ರಮ ತಿದ್ದಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಿಲ್ಲ. ಮುಗಿಯಿತು ಎಂಬ ಭಾವನೆ ಹುಟ್ಟಿಸುವುದನ್ನು ನಿಲ್ಲಿಸಿ ಎಂದೆ.

ಯೆರೆಮೀಯ_17:
"ಆತ್ಮೀಯತೆ, ಆತ್ಮೀಯತೆ" ಎಂದು ಲೋವಿಯ ಮೊಮ್ಮಗಳು ಹೇಳುತ್ತಾರೆ. ಯಾಜಕ ಏಲಿ ತನ್ನ ಮಕ್ಕಳಿಗೆ ಬಾಯಿಮಾತಿನಲ್ಲಿ ಬುದ್ಧಿ ಹೇಳಿದ, ತಡೆಯಲಿಲ್ಲ. 1 ಸಮುವೇಲ 3:13 ಓದಿ, ಅವರನ್ನು ತಡೆಯದೆ ಇದ್ದದ್ದಕ್ಕಾಗಿಯೇ ಅವನ ಮನೆಗೆ ನ್ಯಾಯತೀರ್ಪು ಬಂತು. ಇವತ್ತಿನ ಮನೆಗಳಲ್ಲಿ ಆತ್ಮೀಯತೆಗೆ ಬರವಿಲ್ಲ, ಬೇಡ ಎನ್ನುವ ಧೈರ್ಯಕ್ಕೆ ಬರ. ಇದೇ ಸಂಸ್ಕೃತಿಯ ಪ್ರಭಾವ. ಮಗು ಬೇಸರಗೊಳ್ಳಬಾರದು ಎಂಬುದು ಮನೆಯ ಮೊದಲ ಆಜ್ಞೆಯಾಗಿದೆ. ಭಾನುವಾರ ಟ್ಯೂಷನ್ ಇದ್ದರೆ ಸಭೆ ಬಿಡುತ್ತಾರೆ, ಪಂದ್ಯವಿದ್ದರೆ ಬಿಡುತ್ತಾರೆ, ಪರೀಕ್ಷೆ ಬಂದರೆ ಮೂರು ತಿಂಗಳು ಬಿಡುತ್ತಾರೆ. ಮಗು ಇದನ್ನೆಲ್ಲ ನೋಡುತ್ತಿರುತ್ತದೆ. ಅಪ್ಪ ಅಮ್ಮನ ದೃಷ್ಟಿಯಲ್ಲಿ ಆರಾಧನೆ ಬೇರೆ ಕೆಲಸವಿಲ್ಲದ ದಿನ ಮಾಡುವುದು ಎಂದು ಅದಕ್ಕೆ ಗೊತ್ತಾಗುತ್ತದೆ. ಹದಿನೆಂಟಕ್ಕೆ ಅದು ಮಾಡುವುದು ಇಷ್ಟೇ: ಕಲಿತದ್ದನ್ನು ಪಾಲಿಸುತ್ತದೆ.

ಲೋವಿಯ_ಮೊಮ್ಮಗಳು:
ಏಲಿಯ ಮಕ್ಕಳು ಬಲಿಯ ಮಾಂಸ ಕದಿಯುತ್ತಿದ್ದ ಯಾಜಕರು, ಗುಡಾರದ ಬಾಗಿಲಲ್ಲಿ ಸೇವೆ ಮಾಡುವ ಹೆಂಗಸರ ಜತೆ ಅಕ್ರಮ ನಡೆಸಿದವರು. ಹದಿನೈದು ವರ್ಷದ ಹುಡುಗಿ ಪ್ರಶ್ನೆ ಕೇಳಿದ್ದಕ್ಕೂ ಅದಕ್ಕೂ ಏನು ಸಂಬಂಧ? ಜನರು ಆ ಮಕ್ಕಳಿಂದಾಗಿ ಕರ್ತನ ಕಾಣಿಕೆಯನ್ನೇ ಅಸಹ್ಯಪಟ್ಟರು ಎಂದು ಅದೇ ಪುಸ್ತಕದ ಎರಡನೇ ಅಧ್ಯಾಯ ಹೇಳುತ್ತದೆ. ಅಂದರೆ ಜನ ದೂರ ಹೋದದ್ದು ಯಾಜಕರ ನಡತೆಯಿಂದ. ನಿಮ್ಮ ಉದಾಹರಣೆ ನಿಮಗೇ ವಿರುದ್ಧ ನಿಂತಿದೆ.

ಕಿರಿಯ_ಎಜ್ರ:
ಮೂವತ್ತಕ್ಕಿಂತ ಕೆಳಗಿನವರು ಈ ಚರ್ಚೆಯಲ್ಲಿ ಒಬ್ಬರಾದರೂ ಮಾತಾಡಬೇಕು. ಅಪ್ಪನೋ ಅಮ್ಮನೋ ಎಂದು ಇಷ್ಟು ಹೊತ್ತು ಜಗಳವಾಡಿದಿರಿ, ಆ ಮಗುವೇ ಏನು ಕೇಳುತ್ತಿದೆ ಎಂದು ಯಾರೂ ಕೇಳಲಿಲ್ಲ.

ಕೇಳುವುದು ಸಾಮಾನ್ಯವಾಗಿ ಇವನ್ನೇ: ಸೃಷ್ಟಿ ಆರು ದಿನವೇ? ಬೇರೆ ಮತದ ಸ್ನೇಹಿತ ನರಕಕ್ಕೆ ಹೋಗುತ್ತಾನಾ? ಪ್ರಾರ್ಥಿಸಿದರೂ ಕಾಯಿಲೆ ಏಕೆ ವಾಸಿಯಾಗಲಿಲ್ಲ? ಸಭೆಯಲ್ಲಿ ತಪ್ಪು ಮಾಡಿದ ದೊಡ್ಡವರನ್ನು ಏಕೆ ಮುಚ್ಚಿಡುತ್ತಾರೆ? ಸಿಗುವ ಉತ್ತರ "ಸಂಶಯಪಡಬೇಡ, ಪ್ರಾರ್ಥಿಸು". ವಿಜ್ಞಾನ ಓದುವ ಹುಡುಗನಿಗೆ, ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಜಾರ್ಜ್ ಲೆಮೈತ್ರ್ ಒಬ್ಬ ಕಥೋಲಿಕ ಪಾದ್ರಿಯಾಗಿದ್ದರು, ಬಟಾಣಿ ಗಿಡಗಳ ಮೇಲೆ ಅನುವಂಶೀಯತೆಯ ನಿಯಮ ಕಂಡ ಮೆಂಡೆಲ್ ಅಗಸ್ಟೀನ್ ಮಠದ ಸನ್ಯಾಸಿ ಎಂದು ಸಂಡೇ ಸ್ಕೂಲಿನಲ್ಲಿ ಯಾರೂ ಹೇಳಿರುವುದಿಲ್ಲ. ಕಾಲೇಜು ಅವನ ನಂಬಿಕೆ ಕಿತ್ತುಕೊಳ್ಳುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸು ಎಂದು ನಾವೇ ಮೊದಲೇ ಹೇಳಿ ಕಳಿಸಿರುತ್ತೇವೆ.

ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೇವೆ ಎನ್ನುವ ಸಭೆಗಳಿವೆ. ಅದು ಏಕೆ ಸೋಲುತ್ತದೆ? ಕೈಬರಹದಲ್ಲಿ ಚೀಟಿ ಬರೆಸುತ್ತಾರೆ, ಅಕ್ಷರ ನೋಡಿ ಯಾರದೆಂದು ಗೊತ್ತಾಗುತ್ತದೆ, ಸಂಜೆಯೊಳಗೆ ಮನೆಗೆ ಸುದ್ದಿ. ಮತ್ತೆ ಆ ಪೆಟ್ಟಿಗೆಗೆ ಚೀಟಿ ಬೀಳುವುದಿಲ್ಲ. ಇಲ್ಲವೇ ನಾಯಕರು ಸುಲಭದ ಮೂರು ಆರಿಸಿ ಕಷ್ಟದ್ದನ್ನು ಜೇಬಿಗೆ ಹಾಕುತ್ತಾರೆ. ಸರಿಯಾಗಿ ನಡೆಸಬೇಕಾದರೆ ಹೆಸರು ಕಾಣದ ಹಾಗೆ ಟೈಪ್ ಮಾಡಿ ಕಳಿಸುವ ವ್ಯವಸ್ಥೆ ಇರಲಿ. ಬಂದ ಪ್ರಶ್ನೆಗಳನ್ನೆಲ್ಲ ಒಂದಕ್ಷರ ತಿದ್ದದೆ ಗಟ್ಟಿಯಾಗಿ ಓದಿ. ಒಂದು ಉತ್ತರಕ್ಕೆ ಐದು ನಿಮಿಷ ಮೀರದಿರಲಿ, ಮೀರಿದರೆ ಅದು ಪ್ರಸಂಗವಾಗುತ್ತದೆ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಮುಂದಿನ ವಾರ" ಎನ್ನಿ. ಮುಂದಿನ ವಾರ ಮೊದಲು ಅದನ್ನೇ ಎತ್ತಿಕೊಳ್ಳಿ. ಒಂದು ವಾರ ಮರೆತರೆ ಸಾಕು, ಮಕ್ಕಳು ಮರೆಯುವುದಿಲ್ಲ.

ಯೆರೆಮೀಯ_17:
"ತಪ್ಪು ಮಾಡಿದ ದೊಡ್ಡವರನ್ನು ಮುಚ್ಚಿಡುತ್ತಾರೆ" ಎಂದು ಸಭೆಯ ಮೇಲೆ ಆರೋಪ ಹೊರಿಸುವುದೂ ಈ ಕಾಲದ ಫ್ಯಾಷನ್. ನ್ಯೂನತೆ ಎಲ್ಲಿಲ್ಲ?

ಕಿರಿಯ_ಎಜ್ರ:
ಫ್ಯಾಷನ್ ಅಲ್ಲ ಅಣ್ಣ. 2002ರಲ್ಲಿ ಬಾಸ್ಟನ್ ಮಹಾಧರ್ಮಕ್ಷೇತ್ರದಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗ ಮಾಡುತ್ತಿದ್ದದ್ದು ಪತ್ರಿಕೆಯಲ್ಲಿ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಡಿನಲ್ ಬರ್ನಾರ್ಡ್ ಲಾ ಹುದ್ದೆ ಬಿಟ್ಟರು. ಇದನ್ನು ನ್ಯೂನತೆ ಎಂದು ಕರೆದ ಕ್ಷಣ ನೀವು ಇನ್ನೂ ಒಬ್ಬ ಹುಡುಗನನ್ನು ಕಳೆದುಕೊಂಡಿರಿ.

ಯೆರೆಮೀಯ_17:
ಆ ಪದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಪ್ಪಂದಿರ ಬಗ್ಗೆ ಹೇಳಿದ್ದನ್ನು ತೆಗೆದುಕೊಳ್ಳುವುದಿಲ್ಲ.

ಕಿರಿಯ_ಎಜ್ರ:
ಇನ್ನೊಂದು ಮಾತು, ಸಂಸ್ಕೃತಿಯ ಬಗ್ಗೆ. ಸಂಸ್ಕೃತಿ ಹೊರಗಿದೆ ಎಂದು ಎಲ್ಲರೂ ತಿಳಿದಿದ್ದೀರಿ. ಯೌವನಸ್ಥರ ಕೂಟಕ್ಕೆ ಬಂದು ನೋಡಿ. ದೀಪ ಆರಿಸಿದ ಹಾಲ್, ವೇದಿಕೆಗೆ ಮಾತ್ರ ಬೆಳಕು, ನಮ್ಮ ಧ್ವನಿ ನಮಗೇ ಕೇಳದಷ್ಟು ಸೌಂಡು. ಹಾಡುವವರು ಐದು ಜನ, ನೋಡುವವರು ಐವತ್ತು. ಪ್ರೇಕ್ಷಕನಾಗಿ ಬೆಳೆಸಿದವನು ಪ್ರೇಕ್ಷಕನಂತೆಯೇ ನಡೆದುಕೊಳ್ಳುತ್ತಾನೆ, ಚೆನ್ನಾಗಿಲ್ಲವೆಂದರೆ ಎದ್ದು ಹೋಗುತ್ತಾನೆ. ಮೂರು ದಿನದ ಕ್ಯಾಂಪಿನಲ್ಲೂ ಅಷ್ಟೇ. ಕೊನೆಯ ರಾತ್ರಿ ನಿದ್ದೆಗೆಟ್ಟ ಮಕ್ಕಳ ಎದುರು ಮೆಲ್ಲನೆ ಕೀಬೋರ್ಡ್ ನುಡಿಸಿ, ಕಣ್ಣು ಮುಚ್ಚಿ ಕೈ ಎತ್ತಿ ಎನ್ನುತ್ತಾರೆ. ಎಲ್ಲರೂ ಎತ್ತುತ್ತಾರೆ. ಮನೆಗೆ ಬಂದ ಮೇಲೆ ಆ ಭಾವನೆ ಉಳಿಯುವುದಿಲ್ಲ. ಭಾವನೆ ಹೋಯಿತೆಂದರೆ ದೇವರೂ ಹೋದ ಎಂದು ಮಗು ತಿಳಿಯುತ್ತದೆ, ಏಕೆಂದರೆ ಆ ಭಾವನೆಯೇ ದೇವರು ಎಂದು ಆ ರಾತ್ರಿ ಕಲಿಸಿದವರು ನಾವೇ.

ದ್ರಾಕ್ಷಾಬಳ್ಳಿ:
ಎಜ್ರ ಹೇಳಿದ ಕೊನೆಯ ಸಾಲನ್ನು ಎಲ್ಲ ಯುವನಾಯಕರೂ ಓದಬೇಕು.

ಈಗ ಸಭೆ ಮಾಡಬಹುದಾದದ್ದಕ್ಕೆ ಬರುತ್ತೇನೆ. ಅಮೆರಿಕದ ಫುಲ್ಲರ್ ಯೂತ್ ಇನ್‌ಸ್ಟಿಟ್ಯೂಟಿನವರು ಶಾಲೆ ಮುಗಿಸಿ ಹೊರಟವರನ್ನು ಕೆಲವು ವರ್ಷ ಹಿಂಬಾಲಿಸಿ ಅಧ್ಯಯನ ಮಾಡಿದರು. ಹೈಸ್ಕೂಲಿನಲ್ಲಿದ್ದಾಗ ಇಡೀ ಸಭೆಯ ಆರಾಧನೆಯಲ್ಲಿ ಪಾಲ್ಗೊಂಡಿದ್ದಕ್ಕೂ ಮುಂದೆ ಗಟ್ಟಿಯಾಗಿ ಉಳಿದ ನಂಬಿಕೆಗೂ ನಂಟು ಕಂಡಿತು. ಅವರ ಸಲಹೆ, ಒಂದು ಮಗುವಿಗೆ ಐವರು ದೊಡ್ಡವರು. ಪಾಠ ಮಾಡುವ ಐವರಲ್ಲ, ಹೆಸರು ಹಿಡಿದು ಕರೆದು ಪರೀಕ್ಷೆ ಹೇಗಾಯಿತು ಎಂದು ಕೇಳುವ ಐವರು.

ಊರು ಬಿಡುವವರನ್ನು ಹೋಗುವ ಊರಿನ ಸಭೆಯ ಕೈಗೆ ಒಪ್ಪಿಸುವ ಕೆಲಸ ಹೀಗೆ ಮಾಡಬಹುದು. ಹೊರಡುವ ಮೂರು ತಿಂಗಳು ಮೊದಲು ಯಾವ ಊರು, ಯಾವ ಹಾಸ್ಟೆಲ್ ಎಂದು ಬರೆದುಕೊಳ್ಳಿ. ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದ ಎರಡು ಸಭೆ ಗುರುತಿಸಿ. ವಿಳಾಸದ ಪಟ್ಟಿ ಕೈಗಿಟ್ಟು ಕಳಿಸಿದರೆ ಅದು ಪೆಟ್ಟಿಗೆಯ ತಳದಲ್ಲೇ ಉಳಿಯುತ್ತದೆ. ಅಲ್ಲಿನ ಒಬ್ಬರಿಗೆ ಫೋನ್ ಮಾಡಿ, ಹುಡುಗನ ಎದುರಿನಲ್ಲೇ ಮಾಡಿ, ಇಬ್ಬರನ್ನೂ ಮಾತಾಡಿಸಿ. ಮೊದಲ ಭಾನುವಾರ ಅವರೇ ಹಾಸ್ಟೆಲ್ ಗೇಟಿಗೆ ಬಂದು ಕರೆದೊಯ್ಯಲಿ. ಮೊದಲ ಎರಡು ಭಾನುವಾರ ನಿದ್ದೆಯಲ್ಲಿ ಹೋದರೆ ಮೂರನೆಯದೂ ಅದೇ ದಾರಿ. ಆರನೇ ವಾರ ಇಲ್ಲಿಂದ ಒಂದು ಫೋನ್. "ಸಭೆಗೆ ಹೋದೆಯಾ" ಎಂದು ಶುರು ಮಾಡಬೇಡಿ, ಊಟ, ರೂಮು, ಸ್ನೇಹಿತರ ಬಗ್ಗೆ ಕೇಳಿ. ಪೊಲೀಸರಂತೆ ವಿಚಾರಿಸಿದರೆ ಮುಂದಿನ ಸಲ ಫೋನೇ ಎತ್ತುವುದಿಲ್ಲ.

ಬೆರೋಯದವನು:
ಫುಲ್ಲರ್‌ನವರ "ಐವರು" ಸಲಹೆಯೇ ಹೊರತು ಅಳೆದು ಕಂಡ ಸಂಖ್ಯೆಯಲ್ಲ. ನಾಲ್ವರಿದ್ದ ಮಗು ಬಿಡುತ್ತದೆ, ಐವರಿದ್ದದ್ದು ಉಳಿಯುತ್ತದೆ ಎಂದು ಯಾರೂ ತೋರಿಸಿಲ್ಲ. ಆರಾಧನೆಗೆ ಬರುವ ಮಕ್ಕಳು ಮುಂದೆ ಉಳಿಯುತ್ತಾರೆ ಎಂಬುದೂ ಹಾಗೆಯೇ. ಮೊದಲೇ ನಂಬಿಕೆ ಇರುವ ಮಗುವೇ ಆರಾಧನೆಗೂ ಬರುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ?

ಲೋವಿಯ_ಮೊಮ್ಮಗಳು:
ಐವರು ಸಿಗಲಿ, ಆದರೆ ಇದನ್ನು ಮೊದಲು ಬರೆದಿಡಿ: ಒಬ್ಬ ದೊಡ್ಡವರು ಒಂದು ಮಗುವಿನ ಜತೆ ಮುಚ್ಚಿದ ಬಾಗಿಲ ಹಿಂದೆ ಇರಬಾರದು. ಮೆಸೇಜುಗಳು ಇನ್ನೊಬ್ಬ ದೊಡ್ಡವರಿಗೂ ಕಾಣುವ ಗುಂಪಿನಲ್ಲೇ ಹೋಗಲಿ. ಪ್ರಯಾಣದಲ್ಲಿ ಇಬ್ಬರು ದೊಡ್ಡವರು ಇರಲೇಬೇಕು. ಎಜ್ರ ಎತ್ತಿದ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವುದೆಂದರೆ ಇದು. ಮತ್ತೆ ಯೆರೆಮೀಯ ಅವರೇ, ಅಪ್ಪ ಇಲ್ಲದ ಮನೆಯ ಮಗುವಿಗೆ ಈ ಐವರಲ್ಲಿ ಇಬ್ಬರು ಗಂಡಸರು ಇದ್ದರೆ ನಿಮ್ಮ 2% ಏನಾಗುತ್ತದೆ ಎಂದು ಯಾವ ಸ್ವಿಸ್ ಕೋಷ್ಟಕವೂ ಅಳೆದಿಲ್ಲ.

ಯೆರೆಮೀಯ_17:
ಇಬ್ಬರು ಗಂಡಸರು ಬೇಕು ಎಂದು ನೀವೇ ಬರೆದಿರಿ. ನಾನು ಮೊದಲಿನಿಂದ ಹೇಳುತ್ತಿರುವುದು ಅದನ್ನೇ.

ಲೋವಿಯ_ಮೊಮ್ಮಗಳು:
ನೀವು ಅಪ್ಪ ಎಂದಿರಿ. ನಾನು ಸಭೆ ಎಂದೆ. ಎರಡೂ ಒಂದೇ ಅಲ್ಲ.

ಲಿಯೋ_ಧರ್ಮೋಪದೇಶಕ:
ಬೆರೋಯದವರ ಕೊನೆಯ ಪ್ರಶ್ನೆಗೆ ನನ್ನಲ್ಲಿ ಅಂಕಿ ಇಲ್ಲ. ಆದರೆ ವೇಳಾಪಟ್ಟಿಯ ಬಗ್ಗೆ ದ್ರಾಕ್ಷಾಬಳ್ಳಿ ಹೇಳಿದ್ದನ್ನು ಜಾರಿಗೆ ತರುವವರಿಗೆ ಒಂದು ಎಚ್ಚರಿಕೆ. ತರಗತಿಯನ್ನು ಬಲಿಪೂಜೆಯ (ಕಥೋಲಿಕರ ಆರಾಧನೆಯ) ನಂತರಕ್ಕೆ ಹಾಕಿದರೆ ಮಕ್ಕಳು ಹಸಿದಿರುತ್ತಾರೆ, ತಂದೆ ತಾಯಿ ಮನೆಗೆ ಹೊರಡುವ ಅವಸರದಲ್ಲಿರುತ್ತಾರೆ, ಎರಡೇ ತಿಂಗಳಲ್ಲಿ ತರಗತಿ ಅರ್ಧವಾಗುತ್ತದೆ. ಮೊದಲಿಗೆ ಹಾಕಿದರೆ ತಡವಾಗಿ ಬರುವ ಮನೆಗಳ ಮಕ್ಕಳು ಪಾಠ ಕಳೆದುಕೊಳ್ಳುತ್ತಾರೆ, ಪೂಜೆಯನ್ನಲ್ಲ. ಎರಡರಲ್ಲಿ ಇದೇ ಕಡಿಮೆ ನಷ್ಟ. ನಲವತ್ತೈದು ನಿಮಿಷದ ಪಾಠ, ಅದರಲ್ಲಿ ಕೊನೆಯ ಹತ್ತು ನಿಮಿಷ ಆ ದಿನದ ವಾಚನವನ್ನು ಮಕ್ಕಳೇ ಓದಿ ಅಭ್ಯಾಸ ಮಾಡಲಿ. ಆಮೇಲೆ ಅವರನ್ನು ಗುಂಪಾಗಿ ಮುಂದಿನ ಬೆಂಚಿನಲ್ಲಿ ಕೂರಿಸಬೇಡಿ, ಮನೆಯವರ ಜತೆ ಕೂರಲಿ. ಅಭ್ಯಾಸ ಮಾಡಿದವರಲ್ಲಿ ಒಬ್ಬರು ಅದನ್ನು ಪೀಠದ ಬಳಿ ನಿಂತು ಓದಲಿ.

ಬೆರೋಯದವನು:
ಹನ್ನೆರಡರ ಮಗು ತಡವರಿಸಿದರೆ ಹಿರಿಯರು ಸುಮ್ಮನಿರುತ್ತಾರೆಯೇ?

ಕಿರಿಯ_ಎಜ್ರ:
ಸುಮ್ಮನಿರಲು ಕಲಿಯಬೇಕು. ಓದಿ ಮುಗಿಸಿ ಕೆಳಗಿಳಿದ ಮಗುವಿನ ಹತ್ತಿರ ಹೋಗಿ ಉಚ್ಚಾರ ತಿದ್ದುವವರು ಯಾರು, ಹೆಸರು ಕೇಳುವವರು ಯಾರು ಎಂದು ಆ ಮಗು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ತಿಂಗಳ ವಾಚನದ ಪಟ್ಟಿ ಈಗಲೇ ಸಿದ್ಧವಾಗುತ್ತಿರುತ್ತದೆ. ಅದರಲ್ಲಿ ಹದಿಮೂರರ ಒಂದು ಹೆಸರು ಸೇರಿಸಿ, ಎರಡು ವಾರ ಮೊದಲು ಹಾಳೆ ಕೈಗೆ ಕೊಡಿ.